ವಿವರಣಾ ಪ್ರಬಂಧದಲ್ಲಿ ವರ್ಣನೆ: ಮಾಡಬೇಕಾದ್ದು, ಮಾಡಬಾರದ್ದು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲಾ ವಿದ್ಯಾರ್ಥಿಗಳ ಗಮನಕ್ಕೆ

ಅಡಿಕೆಗೆ ಕೊಳೆ ಯಾಕೆ ಬರುತ್ತದೆ? ಆಗುಂಬೆಯಲ್ಲಿ ಅಷ್ಟೊಂದು ಮಳೆ ಹೇಗೆ ಸುರಿಯುತ್ತದೆ? ಮಂಗನ ಕಾಯಿಲೆ ಹೇಗೆ ಹರಡುತ್ತದೆ? ಇಂಥ ಪ್ರಶ್ನೆಗೆ ಓದುವವರಿಗೆ ಅರ್ಥವಾಗುವಂತೆ ಉತ್ತರ ಹೇಳುವುದೇ ವಿವರಣಾ ಪ್ರಬಂಧ. ಇದರಲ್ಲಿ ವರ್ಣನೆ ಇರಲೇಬೇಕು. ಅದು ಅಂದಕ್ಕಲ್ಲ, ಅರ್ಥಕ್ಕೆ. ಕಣ್ಣಿಗೆ ಕಟ್ಟುವ ಒಂದೊಂದು ವಿವರವೂ ‘ಹೇಗೆ’ ಅಥವಾ ‘ಯಾಕೆ’ ಎಂಬುದಕ್ಕೆ ಉತ್ತರ ಕೊಡುವಂತಿರಬೇಕು. ಮುಂದಿನ ಸೂಚನೆಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು. ತಪ್ಪದೆ ಪಾಲಿಸಿ.

ಮಾಡಬೇಕಾದ್ದು

1. ಪೀಠಿಕೆಗೂ ಮೊದಲು ಪ್ರಶ್ನೆ ಬರೆದುಕೊಳ್ಳಿ. ‘ಜೋಗ ಜಲಪಾತ’ ಎಂಬುದು ಬರೀ ತಲೆಬರಹ. ‘ಬೇಸಿಗೆಯಲ್ಲಿ ಜೋಗ ಯಾಕೆ ಸೊರಗುತ್ತದೆ?’ ಎಂದು ಕೇಳಿಕೊಂಡರೆ ದಾರಿ ಸಿಗುತ್ತದೆ. ಮೇಲೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಪೂರ್ಣಗೊಂಡ ಅಣೆಕಟ್ಟು ವಿದ್ಯುತ್ತಿಗಾಗಿ ಶರಾವತಿಯನ್ನು ತಡೆದು ನಿಲ್ಲಿಸಿದೆ. ಹಾಗಾಗಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಣ್ಣ ಎಳೆಗಳಾಗಿ ಬಂಡೆ ಕಾಣುತ್ತದೆ. ಈ ಬಂಡೆಯ ವರ್ಣನೆ ಈಗ ಕಾರಣದ ಜೊತೆಗೆ ನಿಂತಿದೆ.

2. ಹತ್ತಿರ ಹೋಗಿ ನೋಡಿ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆ ತಡೆಯಲು ತೋಟದಲ್ಲಿ ಬೋರ್ಡೋ ದ್ರಾವಣ ಮಾಡುವಾಗ ಪಕ್ಕದಲ್ಲಿ ನಿಂತು ಗಮನಿಸಿ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸುತ್ತಾರೆ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯುತ್ತಾರೆ. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ, ಕಾಯಿ ಸುಡುತ್ತವೆ. ದ್ರಾವಣ ಆಕಾಶದಂತೆ ನೀಲಿಯಾಗಿತ್ತು ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕತ್ತಿಯ ಮೇಲಿನ ಕೆಂಪನ್ನು ತೋರಿಸಿದರೆ ಇಡೀ ವಿಷಯ ತಿಳಿಯುತ್ತದೆ.

3. ಅಂಕಿಗೆ ಅಳತೆ ಕೊಡಿ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಇಷ್ಟೇ ಹೇಳಿ ಮುಂದೆ ಹೋಗಬೇಡಿ. ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನಿಂತರೆ ಏಳು ಮೀಟರ್ ಆಳ ಆಗುತ್ತಿತ್ತು, ಒಂದಂತಸ್ತಿನ ಮನೆ ಮುಳುಗುತ್ತಿತ್ತು ಎಂದು ಸೇರಿಸಿ. ಬಳಿಕ ಕಾರಣ ಹೇಳಿ: ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದು ಮಳೆಯಾಗುತ್ತದೆ.

4. ಕೆಲಸ ನಡೆಯುವ ಕ್ರಮದಲ್ಲೇ ವಿವರ ಬರಲಿ. ಅಡಿಕೆ ಎಂದರೆ ಕೊನೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಆರಿಸುವುದು. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಬಣ್ಣವನ್ನು ಬೇಯಿಸುವ ಹಂತದಲ್ಲೇ ಹೇಳಿ. ಅಡಿಕೆಗೆ ಕೆಂಪು ಎಲ್ಲಿಂದ ಬಂತು ಎಂಬುದು ಅಲ್ಲೇ ಗೊತ್ತಾಗುತ್ತದೆ.

5. ಮನೆಯಲ್ಲಿ, ತೋಟದಲ್ಲಿ ಆಡುವ ಕಸುಬಿನ ಮಾತನ್ನೇ ಬಳಸಿ. ಕೊನೆಗಾರ, ದೋಟಿ, ಹಾಳೆ, ದರಕು (ಉದುರಿದ ಒಣ ಎಲೆ), ಉಣುಗು (ಉಣ್ಣೆ) ಎಲ್ಲವೂ ಪ್ರಬಂಧಕ್ಕೆ ಯೋಗ್ಯ. ಬೇರೆ ಊರಿನವರಿಗೆ ತಿಳಿಯದ ಮಾತಾದರೆ ಮೊದಲ ಸಲ ಬಂದಾಗ ಅರ್ಥ ಹೇಳಿ.

6. ಬಲ್ಲವರನ್ನು ಓದಿ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲೇ ಬಂದಿತು. ಗಿಡಮರಗಳ ವಿಷಯವನ್ನು ಕಾಡಿನ ಓಡಾಟದ ಜೊತೆ ಹೇಳಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿಷಯವನ್ನೂ ನೋಟವನ್ನೂ ಹೇಗೆ ಹೊಸೆಯಬೇಕು ಎಂಬುದನ್ನು ಇಲ್ಲಿ ಕಲಿಯಿರಿ.

ಮಾಡಬಾರದ್ದು

1. ‘ರಮಣೀಯ’, ‘ನಯನಮನೋಹರ’, ‘ಸ್ವರ್ಗವೇ ಧರೆಗಿಳಿದಂತೆ’ ಎಂದು ಬರೆಯಬೇಡಿ. ಈ ಮಾತುಗಳನ್ನು ಯಾವ ಊರಿಗಾದರೂ ಅಂಟಿಸಬಹುದು. ಆದ್ದರಿಂದ ನಿಮ್ಮ ಊರಿನ ಬಗ್ಗೆ ಅವು ಏನೂ ಹೇಳುವುದಿಲ್ಲ. ಆಗುಂಬೆಗಿರುವ ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಕೂಡ ಮಳೆಯ ಕಾರಣ ತಿಳಿಸುವುದಿಲ್ಲ.

2. ಗೈಡಿನ ಪೀಠಿಕೆ ಬಾಯಿಪಾಠ ಮಾಡಿ ಇಳಿಸಬೇಡಿ. ಸಂಬಂಧವಿಲ್ಲದ ಗಾದೆ, ಕವಿವಾಣಿ ತುರುಕಬೇಡಿ.

3. ಪ್ರವಾಸದ ಕಥೆಯನ್ನು ವಿವರಣೆಯ ನಡುವೆ ತರಬೇಡಿ. ಕವಲೇದುರ್ಗದ ಕೋಟೆಯಲ್ಲಿದ್ದವರಿಗೆ ನೀರು ಹೇಗೆ ಸಿಗುತ್ತಿತ್ತು ಎಂಬುದು ವಿಷಯವಾದರೆ ಬೆಟ್ಟದ ಮೇಲಿನ ಕೊಳಗಳನ್ನು ವರ್ಣಿಸಿ. ಬಸ್ಸಿನಲ್ಲಿ ಹಾಡಿದ್ದು, ಚಿತ್ರಾನ್ನ ತಿಂದದ್ದು ಇಲ್ಲಿ ಬೇಡ.

4. ಕೇಳಿದ ಕಥೆಯನ್ನು ನಿಜವೆಂದು ಬರೆಯಬೇಡಿ. ಕಾಳಿಂಗ ಸರ್ಪ ದ್ವೇಷ ಸಾಧಿಸುತ್ತದೆ ಎಂಬುದು ಕಥೆ. ಹೆಣ್ಣು ಕಾಳಿಂಗ ತನ್ನ ಮೈಯಿಂದಲೇ ಒಣಗಿದ ಎಲೆಗಳನ್ನು ಎಳೆದು ಗುಡ್ಡೆ ಮಾಡಿ, ಮೊಟ್ಟೆ ನೆನೆಯದಂತೆ ಗೂಡು ಕಟ್ಟುತ್ತದೆ ಎಂಬುದು ಸತ್ಯ, ಕಥೆಗಿಂತ ಸ್ವಾರಸ್ಯದ್ದೂ ಹೌದು.

5. ಭಯ ಹುಟ್ಟಿಸಲು ವರ್ಣಿಸಬೇಡಿ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗ ಅದರಿಂದ ಬಹಳ ನೊಂದಿತು. ಕಾಯಿಲೆ ಬಿದ್ದವರ, ತೀರಿಕೊಂಡವರ ಹೆಸರು, ಮನೆಯ ಗುರುತು ಬರೆಯಲೇಬಾರದು. ಸತ್ತ ಮಂಗನ ರೂಪವನ್ನು ಬಣ್ಣಿಸುವುದೂ ಬೇಡ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ದರಕಿಗೆ ಇಳಿಯುತ್ತವೆ, ಆದ್ದರಿಂದ ಅಲ್ಲಿಗೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಎಂದು ಬರೆಯಿರಿ. ಈ ಒಂದು ವಿವರದಿಂದ ಒಂದು ಜೀವ ಉಳಿಯಬಹುದು.

6. ನೋಡಿದ್ದನ್ನೆಲ್ಲ ತುಂಬಬೇಡಿ. ಹಸೆ ಚಿತ್ತಾರದ ಬಣ್ಣ ಹೇಗೆ ತಯಾರಾಗುತ್ತದೆ ಎಂದು ಬರೆಯುವಾಗ ಕೆಮ್ಮಣ್ಣು, ಅರೆದ ಅಕ್ಕಿಯ ಬಿಳಿ, ಹುರಿದು ಸೀಯಿಸಿದ ಅಕ್ಕಿಯ ಕಪ್ಪು ಬೇಕು. ಆ ಮನೆಯ ಅಂಗಳದಲ್ಲಿದ್ದ ಹೂಗಿಡಗಳು ಬೇಡ.

ಶಿಕ್ಷಕರಿಗೆ

ಆಲಂಕಾರಿಕ ಪದಗಳಿಗೆ ಅಂಕ ಕೊಡಬೇಡಿ. ಮಗು ತಾನೇ ಕಂಡ ಒಂದು ವಿವರವನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದರೆ ವಾಕ್ಯ ಒರಟಾಗಿದ್ದರೂ ಮೆಚ್ಚಿ ಗುರುತು ಹಾಕಿ. ‘ಚೆನ್ನಾಗಿದೆ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ವಿವರ ವಿಷಯವನ್ನು ತಿಳಿಸಿತು ಎಂದು ಅಂಚಿನಲ್ಲಿ ಬರೆಯಿರಿ. ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ತೋಟಕ್ಕೋ ಗದ್ದೆಗೋ ಗುಡಿಗಾರರ ಕೆಲಸದ ಜಾಗಕ್ಕೋ ಕರೆದೊಯ್ಯಿರಿ.

ಒಪ್ಪಿಸುವ ಮುನ್ನ

ಪೆನ್ಸಿಲ್ ಹಿಡಿದು ಪ್ರಬಂಧವನ್ನು ಇನ್ನೊಮ್ಮೆ ಓದಿ. ವರ್ಣನೆಯ ಒಂದೊಂದು ವಾಕ್ಯವನ್ನೂ ಕೈಯಿಂದ ಮುಚ್ಚಿ ನೋಡಿ. ಅದಿಲ್ಲದೆಯೂ ವಿಷಯ ಅಷ್ಟೇ ತಿಳಿಯುತ್ತದೆಯೇ? ಹೊಡೆದುಹಾಕಿ. ಅದಿಲ್ಲದಿದ್ದರೆ ವಿಷಯ ತಿಳಿಯುವುದಿಲ್ಲವೇ? ಉಳಿಸಿ, ಇನ್ನಷ್ಟು ಸ್ಪಷ್ಟ ಮಾಡಿ, ಆಮೇಲೆ ಒಪ್ಪಿಸಿ.