ಮನೆಯಲ್ಲೇ ಹೊಲಿಗೆ: ಯಂತ್ರವನ್ನು ಅರಿತು ಕತ್ತರಿ ಹಿಡಿಯುವ ಬಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಊರುಗಳಲ್ಲಿ ಕಾಲಿನಿಂದ ತುಳಿಯುವ ಕಪ್ಪು ಹೊಲಿಗೆ ಯಂತ್ರ ಅಪರೂಪದ ವಸ್ತುವೇನಲ್ಲ; ಆದರೆ ಎಷ್ಟೋ ಮನೆಗಳಲ್ಲಿ ಅದು ದಿಂಬಿನ ಚೀಲಕ್ಕೂ ಬಿಚ್ಚಿಹೋದ ಹೊಲಿಗೆಗೂ ಸೀಮಿತವಾಗಿದ್ದು, ಮೈಗೆ ತೊಡುವ ಬಟ್ಟೆ ಮಾತ್ರ ಪೇಟೆಯ ದರ್ಜಿಯ ಅಂಗಡಿಗೇ ಹೋಗುತ್ತದೆ. ಕತ್ತರಿ ಹಾಕಿದ ಬಟ್ಟೆ ಕೆಟ್ಟುಹೋದೀತೆಂಬ ಅಳುಕೇ ಇದಕ್ಕೆ ಮುಖ್ಯ ಕಾರಣ. ಯಂತ್ರದ ನಡೆಯನ್ನು ಮೊದಲು ತಿಳಿದು, ನೇರ ಗೆರೆಗಳಷ್ಟೇ ಇರುವ ಉಡುಪಿನಿಂದ ಆರಂಭಿಸಿದರೆ ಈ ಅಳುಕಿಗೆ ಎಡೆಯಿರುವುದಿಲ್ಲ.

ಈ ಸೀಮೆಗೆ ಹೊಲಿಗೆಯ ಕಸುಬು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಸೈನ್ಯಕ್ಕಾಗಿ ಕಂಬಳಿ, ಬೂಟು ಮತ್ತು ಬೆನ್ನಚೀಲಗಳು ತಯಾರಾಗುತ್ತಿದ್ದವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಯೂರಿದ ಟಿಬೆಟನ್ ಸಮುದಾಯದ ವಿವಾಹಿತ ಸ್ತ್ರೀಯರು ಸೊಂಟದ ಮುಂಭಾಗದಲ್ಲಿ ಕಟ್ಟುವ ‘ಪಂಗ್ದೆನ್’ ಎಂಬ ಪಟ್ಟೆಪಟ್ಟೆಯ ಮುಂಗಟ್ಟು ಬಟ್ಟೆಯನ್ನು ಗಮನಿಸಿದರೆ, ಸಾಂಪ್ರದಾಯಿಕವಾಗಿ ಅದು ಕಿರಿದಾಗಿ ನೇಯ್ದ ಮೂರು ಪಟ್ಟಿಗಳನ್ನು ಉದ್ದುದ್ದಕ್ಕೆ ಜೋಡಿಸಿದ್ದೆಂದು ತಿಳಿಯುತ್ತದೆ. ನೇರ ಹೊಲಿಗೆಯೊಂದರಿಂದಲೇ ಎಷ್ಟು ಚೆಲುವಾದ ಉಡುಪು ಸಾಧ್ಯವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಯಂತ್ರದ ಪರಿಚಯ

ಕೈಹೊಲಿಗೆಯಲ್ಲಿ ಒಂದೇ ದಾರ ಬಟ್ಟೆಯ ಮೇಲೂ ಕೆಳಗೂ ಓಡಾಡಿದರೆ, ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳು ಸೇರುತ್ತವೆ. ತುದಿಯ ಬಳಿಯೇ ಕಣ್ಣಿರುವ ಸೂಜಿ ಮೇಲಿನ ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ದು ಕುಣಿಕೆಯಾಗಿಸುತ್ತದೆ. ಶಟಲ್ ಎಂಬ ಕೊಕ್ಕೆಯಂತಹ ಭಾಗ ಆ ಕುಣಿಕೆಯನ್ನು ಹಿಡಿದು, ಬಾಬಿನ್ ಎಂಬ ಚಿಕ್ಕ ಉರುಳೆಯಲ್ಲಿ ಸುತ್ತಿದ ಕೆಳದಾರದ ಸುತ್ತ ಹಾಯಿಸುತ್ತದೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿದ್ದ ತತ್ತ್ವವೇ ಇಂದಿನ ಮನೆಯ ಯಂತ್ರದಲ್ಲೂ ಉಳಿದಿದೆ. ಎರಡು ದಾರಗಳ ಗಂಟು ಬಟ್ಟೆಯ ದಪ್ಪದ ನಡುವೆ ಅಡಗಿದ್ದರೆ ಅದು ಸರಿಯಾದ ಹೊಲಿಗೆ.

ಕಾಲುಯಂತ್ರದಲ್ಲಿ ಮೊದಲ ಅಭ್ಯಾಸವನ್ನು ದಾರವಿಲ್ಲದೆ ಮಾಡುವುದು ಲೇಸು. ಬಲಗಡೆಯ ಚಕ್ರವನ್ನು ಹೊಲಿಯುವವರ ಕಡೆಗೆ ತಿರುಗುವಂತೆ ಕೈಯಿಂದ ಚಾಲೂ ಮಾಡಿ, ಎರಡೂ ಪಾದಗಳಿಂದ ಪೆಡಲನ್ನು ಒಂದೇ ಲಯದಲ್ಲಿ ತುಳಿಯಬೇಕು. ಚಕ್ರ ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಿ ತುಂಡಾಗುತ್ತದೆ. ಲಯ ಕೂಡಿಬಂದ ಮೇಲೆ ಶಾಲೆಯ ನೋಟ್‌ಬುಕ್ಕಿನ ಗೆರೆ ಹಾಕಿದ ಹಾಳೆಯನ್ನು ಸೂಜಿಯ ಕೆಳಗಿಟ್ಟು, ತೂತುಗಳು ಗೆರೆಯ ಮೇಲೆಯೇ ಬೀಳುವಂತೆ ಓಡಿಸಬೇಕು. ಕಾಗದ ಚುಚ್ಚಿದ ಸೂಜಿ ಮೊಂಡಾಗುವುದರಿಂದ ಅದನ್ನು ಬಟ್ಟೆಗೆ ಬಳಸಬಾರದು.

ದಾರ ಪೋಣಿಸುವಾಗ ಬಟ್ಟೆಯನ್ನು ಒತ್ತಿಹಿಡಿಯುವ ಪಾದ ಮೇಲಕ್ಕೆತ್ತಿರಬೇಕು. ಆಗ ದಾರದ ಬಿಗಿಯನ್ನು ನಿಯಂತ್ರಿಸುವ ಬಿಲ್ಲೆಗಳು ಸಡಿಲಗೊಂಡು ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಸೂಜಿಯ ಒಂದು ಬದಿಯಲ್ಲಿ ಉದ್ದವಾದ ಗೀರು, ಬುಡದ ಇನ್ನೊಂದು ಬದಿಯಲ್ಲಿ ಚಪ್ಪಟೆಯಾದ ಭಾಗ ಇರುತ್ತವೆ. ಗೀರಿನ ಕಡೆಯಿಂದ ದಾರ ಒಳಹೊಕ್ಕು ಚಪ್ಪಟೆಯ ಕಡೆಗೆ ಹೊರಬರಬೇಕು. ತೆಳುವಾದ ವಾಯಿಲ್‌ಗೆ 11, ಪಾಪ್ಲಿನ್‌ಗೆ 14, ದಪ್ಪ ಬಟ್ಟೆಗೆ 16 ಮತ್ತು ಜೀನ್ಸ್‌ಗೆ 18ನೇ ನಂಬರಿನ ಸೂಜಿ ಹೊಂದುತ್ತದೆ.

ಬಿಗಿಯ ಪರೀಕ್ಷೆಗೆ ಮೇಲೆ ಕೆಂಪು, ಬಾಬಿನ್ನಿನಲ್ಲಿ ಬಿಳಿ ದಾರ ಹಾಕಿ, ಎರಡು ಮಡಿಕೆ ಮಾಡಿದ ತುಂಡುಬಟ್ಟೆಯ ಮೇಲೆ ಗೇಣುದ್ದ ಹೊಲಿದು ನೋಡಬೇಕು. ಕೆಳಮೈಯಲ್ಲಿ ಬಿಳಿ ದಾರ ತಂತಿಯಂತೆ ನೆಟ್ಟಗೆ ಮಲಗಿ ಅದರ ಮೇಲೆ ಕೆಂಪು ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲವಾಗಿದೆ. ಮೇಲ್ಮೈಯಲ್ಲಿ ಬಿಳಿ ಚುಕ್ಕೆಗಳು ಕಂಡರೆ ಅದು ಅತಿ ಬಿಗಿಯಾಗಿದೆ. ಬಟ್ಟೆಯ ಕೆಳಗೆ ದಾರ ಗೂಡುಕಟ್ಟಿದಾಗ ಬಹುತೇಕರು ಬಾಬಿನ್ನನ್ನು ದೂರುತ್ತಾರೆ. ಆದರೆ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಿಚ್ಚಿ ಮತ್ತೆ ಪೋಣಿಸುವುದೇ ಇದಕ್ಕೆ ಮೊದಲ ಮದ್ದು, ಸೂಜಿ ಬದಲಿಸುವುದು ಎರಡನೆಯದು; ತಿರುಪುಗಳಿಗೆ ಕೈಹಾಕುವುದು ಕೊನೆಗೆ.

ಮೊದಲ ಉಡುಪು

ಕಲಿಯುವವರು ರವಿಕೆಯಿಂದ ಆರಂಭಿಸುವುದು ಸರಿಯಲ್ಲ. ಹೆಣ್ಣುಮಗುವಿನ ಎಲಾಸ್ಟಿಕ್ ಲಂಗ ಮೊದಲ ಪಾಠಕ್ಕೆ ತಕ್ಕದ್ದು. ಸೊಂಟದಿಂದ ಕೆಳಗೆ 24 ಇಂಚು ಉದ್ದ ಬೇಕಾದಲ್ಲಿ, ಸೊಂಟದ ಮಡಿಕೆಗೆ ಒಂದೂಕಾಲು ಇಂಚು, ಕೆಳ ಅಂಚಿನ ಮಡಿಕೆಗೆ ಎರಡೂಮುಕ್ಕಾಲು ಇಂಚು ಸೇರಿಸಿ 28 ಇಂಚಿನ ಎರಡು ತುಂಡುಗಳನ್ನು ಕತ್ತರಿಸಬೇಕು. 36 ಇಂಚು ಅಗಲದ ಹತ್ತಿಯ ಪಾಪ್ಲಿನ್ ಒಂದೂಮುಕ್ಕಾಲು ಮೀಟರ್ ಸಾಕು.

ತಂದ ಬಟ್ಟೆಯನ್ನು ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ಹತ್ತಿ ನೀರು ಕಂಡೊಡನೆ ಕುಗ್ಗುವುದರಿಂದ ಈ ಹಂತವನ್ನು ಬಿಟ್ಟರೆ ಮೊದಲ ಒಗೆತಕ್ಕೇ ಲಂಗ ಮೇಲಕ್ಕೇರುತ್ತದೆ. ಬಳಿಕ ಹಾಸು ಮತ್ತು ಹೊಕ್ಕನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲನ್ನೂ ಅಡ್ಡಕ್ಕೆ ನೇಯ್ದ ನೂಲನ್ನೂ ಗುರುತಿಸಬೇಕು. ಬಟ್ಟೆಯ ಅಂಚಿಗೆ ಸಮನಾಗಿ ಹರಿಯುವುದು ಹಾಸು. ಉಡುಪಿನ ಉದ್ದ ಹಾಸಿನ ಜೊತೆ ಸಾಗಿದರೆ ಬಟ್ಟೆ ನೇರವಾಗಿ ಇಳಿಬೀಳುತ್ತದೆ. ಓರೆಯಾದರೆ ನಾಲ್ಕು ಒಗೆತದಲ್ಲಿ ತಿರುಚಿಕೊಳ್ಳುತ್ತದೆ.

ಎರಡು ತುಂಡುಗಳ ಹೊರಮೈಗಳು ಒಂದಕ್ಕೊಂದು ಎದುರಾಗುವಂತೆ ಇಟ್ಟು, ಪಕ್ಕಗಳನ್ನು ಅರ್ಧ ಇಂಚು ಒಳಗೆ ಹೊಲಿಯಬೇಕು. ಹೊಲಿಗೆ ಹಿಡಿಯುವಾಗ ಎರಡೂ ದಾರಗಳ ತುದಿಯನ್ನು ಪಾದದ ಹಿಂದಕ್ಕೆ ಹಿಡಿದುಕೊಂಡರೆ ಆರಂಭದಲ್ಲಿ ಸಿಕ್ಕಾಗುವುದಿಲ್ಲ. ಬಟ್ಟೆಯನ್ನು ಎಳೆಯಬಾರದು, ಸೂಜಿಯ ಕೆಳಗಿನ ಹಲ್ಲುಗಳೇ ಅದನ್ನು ಮುಂದೊಯ್ಯುತ್ತವೆ, ಕೈಗಳ ಕೆಲಸ ದಾರಿ ತೋರುವುದಷ್ಟೇ. ಸೊಂಟದ ಅಂಚನ್ನು ಕಾಲು ಇಂಚು, ಮತ್ತೆ ಒಂದು ಇಂಚು ಮಡಿಚಿ, ಎರಡು ಇಂಚು ಬಾಯಿ ಬಿಟ್ಟು ಸುತ್ತಲೂ ಹೊಲಿಯಬೇಕು. ಸೊಂಟದ ಅಳತೆಗಿಂತ ಎರಡು ಇಂಚು ಕಡಿಮೆಯಿರುವ ಎಲಾಸ್ಟಿಕ್ಕನ್ನು ಸೇಫ್ಟಿಪಿನ್ನಿಗೆ ಸಿಕ್ಕಿಸಿ ಆ ಬಾಯಿಯಿಂದ ತೂರಿಸಿ, ತುದಿಗಳನ್ನು ಕೂಡಿಸಿ, ಬಾಯಿಯನ್ನು ಮುಚ್ಚಬೇಕು. ಕೆಳ ಅಂಚನ್ನು ಕಾಲು ಇಂಚು, ಮತ್ತೆ ಎರಡೂವರೆ ಇಂಚು ಮಡಿಚಿ ಹೊಲಿದರೆ, ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಬಹುದು.

ರವಿಕೆಯ ಸರದಿ ಬಂದಾಗ, ಮೈಗೆ ಚೆನ್ನಾಗಿ ಕೂರುತ್ತಿದ್ದ ಹಳೆಯ ರವಿಕೆಯೊಂದನ್ನು ಹೊಲಿಗೆಯಗುಂಟ ಬಿಚ್ಚಿ, ಇಸ್ತ್ರಿ ಮಾಡಿ, ತುಂಡುಗಳನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು ನಂಬಿಕೆಯ ದಾರಿ. ಆ ಅಚ್ಚಿನಂತೆ ಮೊದಲು ಹಳೆಯ ಸೀರೆಯ ತುಂಡಿನಲ್ಲಿ ಹೊಲಿದು, ತೊಟ್ಟುನೋಡಿ, ಪಕ್ಕದ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಟ್ಟುಕೊಂಡು ಆಮೇಲೆ ಹೊಸದಕ್ಕೆ ಕತ್ತರಿ ಹಾಕಬೇಕು.

ತರಬೇತಿ ಮತ್ತು ಆರೈಕೆ

ಇದನ್ನೇ ಕಸುಬಾಗಿಸಿಕೊಳ್ಳಲು ಬಯಸುವವರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮೈಸೂರು ಶಾಖೆಯ ಉಚಿತ ತರಬೇತಿ ನೆರವಾಗಬಲ್ಲದು. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದ್ದು, ಸಲಕರಣೆಗೆ 15,000 ರೂಪಾಯಿವರೆಗಿನ ನೆರವು ಅದರಲ್ಲಿದೆ. ಆದರೆ ಅದು ಕಸುಬಿನಲ್ಲಿ ತೊಡಗಿದವರಿಗೇ ಹೊರತು ಮನೆಬಳಕೆಯ ಹೊಲಿಗೆಗಲ್ಲ.

ಹಳೆಯ ಯಂತ್ರ ಕೊಳ್ಳುವವರು ಬಣ್ಣ ನೋಡದೆ, ಚಕ್ರವನ್ನು ಕೈಯಿಂದ ನಿಧಾನವಾಗಿ ಸುತ್ತಿ ಎಲ್ಲಿಯೂ ತಡೆ ಇಲ್ಲವೆಂದೂ, ಬಟ್ಟೆ ಒಯ್ಯುವ ಹಲ್ಲುಗಳು ಸವೆದಿಲ್ಲವೆಂದೂ, ಶಟಲ್‌ನ ಕೊಕ್ಕೆ ನುಣುಪಾಗಿದೆಯೆಂದೂ ನೋಡಿಕೊಳ್ಳಬೇಕು. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಂತಹ ಕಡೆ ಮಳೆಗಾಲದ ತೇವಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ, ಹಲ್ಲುಗಳ ನಡುವಿನ ನೂಲಿನ ಧೂಳನ್ನು ತೆಗೆದು ಮೆಷಿನ್ ಎಣ್ಣೆಯನ್ನೇ ಹನಿಹನಿಯಾಗಿ ಬಿಡಬೇಕು. ಕೊಬ್ಬರಿ ಎಣ್ಣೆ ಕಾಲಕ್ರಮೇಣ ಅಂಟಾಗಿ ಯಂತ್ರವನ್ನೇ ಬಿಗಿಹಿಡಿಯುತ್ತದೆ. ಎಣ್ಣೆ ಬಿಟ್ಟ ದಿನ ಮೊದಲ ನಾಲ್ಕು ಸಾಲು ಹೊಲಿಗೆಯನ್ನು ಹಳೆಯ ಬಟ್ಟೆಯ ಮೇಲೆ ಓಡಿಸಿ, ಜಿಡ್ಡು ಬೀಳುವುದು ನಿಂತ ಮೇಲೆಯೇ ಹೊಸ ಬಟ್ಟೆಯನ್ನು ಪಾದದ ಕೆಳಗೆ ಇಡಬೇಕು.