ಲವಣಗಳು: ಮೈಲುತುತ್ತಿನಿಂದ ಬೋರ್ಡೋ ದ್ರಾವಣದವರೆಗೆ

ಆಮ್ಲ ಮತ್ತು ಪ್ರತ್ಯಾಮ್ಲ ವರ್ತಿಸಿ ಲವಣ ಹಾಗೂ ನೀರು ಉಂಟಾಗುವ ಕ್ರಿಯೆಯೇ ತಟಸ್ಥೀಕರಣ. ನೀರಿನಲ್ಲಿ ಕರಗುವ ಪ್ರತ್ಯಾಮ್ಲವೇ ಕ್ಷಾರ.

ಲವಣದ ಸ್ವಭಾವ
- ಪ್ರಬಲ ಆಮ್ಲ + ಪ್ರಬಲ ಕ್ಷಾರ: ತಟಸ್ಥ, ಪಿಹೆಚ್ 7 (ಅಡುಗೆ ಉಪ್ಪು)
- ಪ್ರಬಲ ಆಮ್ಲ + ದುರ್ಬಲ ಪ್ರತ್ಯಾಮ್ಲ: ಆಮ್ಲೀಯ, ಪಿಹೆಚ್ 7ಕ್ಕಿಂತ ಕಡಿಮೆ (ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್, ಅಮೋನಿಯಂ ಸಲ್ಫೇಟ್)
- ದುರ್ಬಲ ಆಮ್ಲ + ಪ್ರಬಲ ಕ್ಷಾರ: ಕ್ಷಾರೀಯ, ಪಿಹೆಚ್ 7ಕ್ಕಿಂತ ಹೆಚ್ಚು (ವಾಷಿಂಗ್ ಸೋಡಾ)

ತೋಟದ ಉದಾಹರಣೆ
ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ತೆಂಗಿನ ಸೀಮೆ. ತೆಂಗಿನ ಸುಳಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮದ್ದು. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ಆಮ್ಲೀಯತೆ ಎಲೆಯನ್ನು ಸುಡುತ್ತದೆ. ಸುಣ್ಣ ಅದನ್ನು ತಟಸ್ಥಗೊಳಿಸುತ್ತದೆ.

ಪರೀಕ್ಷೆ: ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಇದು ಸ್ಥಾನಪಲ್ಲಟ ಕ್ರಿಯೆ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ್ದರಿಂದ ಲವಣದಲ್ಲಿ ಅದರ ಜಾಗ ಹಿಡಿಯುತ್ತದೆ.

ನೆನಪಿಡಿ
- ಬೋರ್ಡೋ ದ್ರಾವಣ ರೂಪಿಸಿದವರು: ಸಸ್ಯವಿಜ್ಞಾನಿ ಮಿಲಾರ್ಡೆ, ಫ್ರಾನ್ಸ್, 1885
- ಮೈಸೂರು ಸಂಸ್ಥಾನದಲ್ಲಿ ಅಡಿಕೆ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದವರು: ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್
- ಮೈಲುತುತ್ತು: 5 ಸ್ಫಟಿಕ ಜಲಾಣು, ಕಾಯಿಸಿದರೆ ನೀಲಿ ಹೋಗಿ ಬಿಳಿ

ಪ್ರಶ್ನೆ: ಮೈಲುತುತ್ತಿನ ದ್ರಾವಣದಲ್ಲಿ ನೀಲಿ ಲಿಟ್ಮಸ್ ಏನಾಗುತ್ತದೆ?
ಉತ್ತರ: ಕೆಂಪಾಗುತ್ತದೆ.