ಆಬ್ಸಿಡಿಯನ್ ಕೊಳ್ಳುವ ಮುನ್ನ ತಿಳಿದಿರಲಿ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಪೇಟೆಗಳಲ್ಲಿ ಈಗ ನವರತ್ನದ ಉಂಗುರದ ಜೊತೆಗೆ ಕಲ್ಲಿನ ಬ್ರೇಸ್‌ಲೆಟ್‌ಗಳ ಭರಾಟೆಯೂ ಸೇರಿದೆ. ಅವುಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲು ಆಬ್ಸಿಡಿಯನ್. ದೃಷ್ಟಿ ತಾಗುವುದಿಲ್ಲ, ಕೆಟ್ಟ ಶಕ್ತಿ ಸುಳಿಯುವುದಿಲ್ಲ, ನಿದ್ದೆ ಬರುತ್ತದೆ, ಶನಿಕಾಟ ಕಳೆಯುತ್ತದೆ ಎಂದೆಲ್ಲ ಹೇಳಿ ಇದನ್ನು ಮಾರುತ್ತಾರೆ. ಕೊಳ್ಳುವುದು ಬಿಡುವುದು ಅವರವರ ಇಷ್ಟ. ಆದರೆ ಕೈಯಲ್ಲಿರುವುದು ಏನು, ಅದು ಅಸಲಿಯೇ, ಯಾವ ಮಾತಿಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ತಿಳಿದು ಕೊಳ್ಳುವುದು ಲೇಸು.

ಹಂತ 1: ಕಲ್ಲಿನ ಗುಣ ತಿಳಿಯಿರಿ

ಆಬ್ಸಿಡಿಯನ್ ಎಂದರೆ ಜ್ವಾಲಾಮುಖಿಯ ಗಾಜು. ಸಿಲಿಕಾ ಅಂಶ ಶೇ. 70ರಿಂದ 75ರಷ್ಟಿರುವ ಮಂದ ಲಾವಾ, ಒಳಗೆ ಹರಳು ಕಟ್ಟಲು ಪುರಸೊತ್ತಿಲ್ಲದಂತೆ ಬೇಗ ತಣಿದಾಗ ಇದು ಉಂಟಾಗುತ್ತದೆ. ಹಾಗಾಗಿ ಅಂಗಡಿಯವರು ಕ್ರಿಸ್ಟಲ್ ಎಂದರೂ ಇದು ಹರಳಲ್ಲ. ಗಡಸುತನ ಮೋಸ್ ಮಾನದಲ್ಲಿ 5ರಿಂದ 5.5, ಸಾಂದ್ರತೆ ಸುಮಾರು 2.4. ಒಡೆದರೆ ಕಪ್ಪೆಚಿಪ್ಪಿನಂಥ ಬಳುಕಿದ ಮೈ, ಕ್ಷೌರದ ಬ್ಲೇಡಿಗಿಂತ ಹರಿತವಾದ ಅಂಚು.

ನಮ್ಮ ಸುತ್ತಲಿನ ಪಾರ್ಸಿಕ್ ಬೆಟ್ಟ, ಮಲಂಗಗಡಗಳ ಕಪ್ಪು ಕಲ್ಲೂ ಜ್ವಾಲಾಮುಖಿಯದೇ. 1060ರಲ್ಲಿ ಕಟ್ಟಿದ ಅಂಬರನಾಥದ ಶಿವಾಲಯವೂ ಅಂಥದೇ ಕಲ್ಲಿನದು. ಆದರೆ ಅದು ಬಸಾಲ್ಟ್. ಸಿಲಿಕಾ ಶೇ. 50ರ ಆಸುಪಾಸು, ವಯಸ್ಸು ಸುಮಾರು 6.6 ಕೋಟಿ ವರ್ಷ. ಜ್ವಾಲಾಮುಖಿಯ ಗಾಜು ಅಷ್ಟು ಕಾಲ ಗಾಜಾಗಿ ಉಳಿಯುವುದು ಅಪರೂಪ. ನಿಧಾನಕ್ಕೆ ಒಳಗೊಳಗೇ ಹರಳುಗಟ್ಟುತ್ತದೆ. ಆದ್ದರಿಂದ ಸಹ್ಯಾದ್ರಿಯಲ್ಲೇ ಸಿಕ್ಕ ಆಬ್ಸಿಡಿಯನ್ ಎಂದು ಯಾರಾದರೂ ಹೇಳಿದರೆ ಅನುಮಾನಿಸಿ. ಇದು ಹೇರಳವಾಗಿ ದೊರೆಯುವುದು ಮೆಕ್ಸಿಕೊ, ಅಮೆರಿಕ, ಅರ್ಮೇನಿಯ, ಟರ್ಕಿಯಂಥ ಎಳೆಯ ಜ್ವಾಲಾಮುಖಿಗಳ ನಾಡಿನಲ್ಲಿ.

ಹಂತ 2: ಇತಿಹಾಸವನ್ನೂ ಕತೆಯನ್ನೂ ಬೇರೆ ಮಾಡಿ

ನಮ್ಮ ಋಷಿಗಳು ಧರಿಸುತ್ತಿದ್ದ ಕಲ್ಲು ಎಂಬ ಮಾತು ಕೇಳಿಬಂದರೆ ನವರತ್ನಗಳ ಪಟ್ಟಿ ನೆನಪಿಸಿಕೊಳ್ಳಿ. ಅದರಲ್ಲಿ ಆಬ್ಸಿಡಿಯನ್ ಇಲ್ಲ. ಶನಿಗೆ ಹೇಳಿರುವುದು ನೀಲ.

ಆಬ್ಸಿಡಿಯನ್ ಇತಿಹಾಸ ಬೇರೆಡೆಯದು, ಬಹು ಹಳೆಯದು. ಶಿಲಾಯುಗದವರು ಇದರಿಂದ ಚೂರಿ, ಬಾಣದ ಮೊನೆ ಮಾಡಿದರು. ಟರ್ಕಿಯ ಚಾತಲ್‌ಹುಯುಕ್‌ನಲ್ಲಿ ಸುಮಾರು 8 ಸಾವಿರ ವರ್ಷಗಳ ಹಿಂದೆಯೇ ಇದನ್ನು ಉಜ್ಜಿ ನಯಗೊಳಿಸಿ ಕನ್ನಡಿ ಮಾಡಿದ್ದರು. ಮೆಕ್ಸಿಕೊದ ಆಸ್ಟೆಕ್ ಜನರ ತೆಸ್ಕಾತ್ಲಿಪೋಕಾ ದೇವರ ಲಾಂಛನವೇ ಆಬ್ಸಿಡಿಯನ್ ಕನ್ನಡಿ. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಆಸ್ಥಾನದ ಜ್ಯೋತಿಷಿ ಜಾನ್ ಡೀಯದು ಎನ್ನಲಾದ ಕನ್ನಡಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಕಲ್ಲು ಮೆಕ್ಸಿಕೊದ ಪಚೂಕಾದಿಂದ ಬಂದದ್ದೆಂದು 2021ರಲ್ಲಿ ಪ್ರಕಟವಾದ ರಾಸಾಯನಿಕ ವಿಶ್ಲೇಷಣೆ ತೋರಿಸಿತು. ಇತ್ತ ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದವರು ಕೊಡಲಿಗೆ ಆರಿಸಿಕೊಂಡದ್ದು ಅಲ್ಲಿಯೇ ಸಿಗುವ ಡಾಲರೈಟ್ ಕಲ್ಲನ್ನು. ಆಬ್ಸಿಡಿಯನ್ನಿಗೆ ಮೂಲಾಧಾರ ಚಕ್ರವನ್ನು ತಳುಕು ಹಾಕಿದ್ದು 20ನೇ ಶತಮಾನದ ಪಾಶ್ಚಾತ್ಯ ‘ನ್ಯೂ ಏಜ್’ ಪಂಥ.

ಹಂತ 3: ಬಗೆಗಳನ್ನು ಗುರುತಿಸಿ

• ಕಪ್ಪು: ಎಲ್ಲಕ್ಕಿಂತ ಸಾಮಾನ್ಯ, ಹಾಗಾಗಿ ಅಗ್ಗವೂ ಆಗಿರಬೇಕು.
• ಸ್ನೋಫ್ಲೇಕ್: ಕಪ್ಪಿನ ಮೇಲೆ ಬೂದು-ಬಿಳಿ ಹೂಗಳು. ಗಾಜಿನೊಳಗೆ ಮೂಡಿದ ಕ್ರಿಸ್ಟೊಬಲೈಟ್ ಹರಳಿನ ಗುಚ್ಛಗಳಿವು.
• ಮಹಾಗನಿ: ಕಬ್ಬಿಣದ ಆಕ್ಸೈಡ್‌ನಿಂದ ಕೆಂಗಂದು ಪಟ್ಟೆ.
• ಗೋಲ್ಡ್ ಶೀನ್, ಸಿಲ್ವರ್ ಶೀನ್: ಲಾವಾ ಹರಿದ ದಿಕ್ಕಿನಲ್ಲಿ ಸಾಲುಗೊಂಡ ಸೂಕ್ಷ್ಮ ಗುಳ್ಳೆಗಳಿಂದ ಚಿನ್ನ, ಬೆಳ್ಳಿಯ ಮಿನುಗು.
• ರೇನ್‌ಬೋ: ಕಣ್ಣಿಗೆ ಕಾಣದಷ್ಟು ಚಿಕ್ಕ ಖನಿಜ ಕಣಗಳ ಪದರಗಳಿಂದ ಬಣ್ಣದ ಬಳೆಗಳು, ಕಲ್ಲನ್ನು ಓರೆ ಮಾಡಿದಾಗ ಮಾತ್ರ ತೋರುತ್ತವೆ.
• ಅಪಾಚೆ ಟಿಯರ್: ಬೆಳಕಿಗೆ ಹಿಡಿದರೆ ಕಂದಾಗಿ ಕಾಣುವ ಪುಟ್ಟ ಗುಂಡುಗಲ್ಲು.

ನೀಲಿ, ಕೆಂಪು, ಕಡುಹಸಿರು ಬಣ್ಣದ ಪಾರದರ್ಶಕ ‘ಆಬ್ಸಿಡಿಯನ್’ ಬಹುತೇಕ ಕಾರ್ಖಾನೆಯ ಗಾಜು.

ಹಂತ 4: ಪರೀಕ್ಷಿಸಿ

ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಬೆಳಗಿಸಿ ಕಲ್ಲಿನ ಹಿಂದೆ ಹಿಡಿಯಿರಿ. ಅಸಲಿ ಕಪ್ಪು ಆಬ್ಸಿಡಿಯನ್ನಿನ ತೆಳು ಅಂಚಿನಲ್ಲಿ ಬೂದು ಅಥವಾ ಕಂದು ಬೆಳಕು ತೂರುವುದುಂಟು. 10 ಪಟ್ಟಿನ ಭೂತಗನ್ನಡಿಯಲ್ಲಿ ದುಂಡು ದುಂಡಾದ ಬಿಡಿ ಗುಳ್ಳೆಗಳು ಕಂಡರೆ ಅದು ಎರಕ ಹೊಯ್ದ ಗಾಜಿರುವ ಸಂಭವ ಹೆಚ್ಚು. ಮುಟ್ಟಿದಾಗ ತಣ್ಣಗಿಲ್ಲದೆ ಹಗುರವೂ ಆಗಿದ್ದರೆ ಪ್ಲಾಸ್ಟಿಕ್.

ಕಲ್ಲು 50 ಗ್ರಾಂ ಮೀರಿದ್ದರೆ ಮನೆಯಲ್ಲೂ ಪರೀಕ್ಷೆ ಸಾಧ್ಯ. ಮೊದಲು ಒಣಗಿದ ಕಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿದು ಅಂಕಿ ಓದಿ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ. 60 ಗ್ರಾಂ ಕಲ್ಲಿಗೆ 25 ಬಂದರೆ ಸಾಂದ್ರತೆ 2.4. ಉತ್ತರ 3 ದಾಟಿದರೆ ಕಪ್ಪು ಟೂರ್ಮಲಿನ್ ಇರಬಹುದು, 5ರ ಹತ್ತಿರವಿದ್ದರೆ ಹೆಮಟೈಟ್, 1.5ಕ್ಕಿಂತ ಕಡಿಮೆಯಾದರೆ ಪ್ಲಾಸ್ಟಿಕ್. ಮಾಮೂಲಿ ಗಾಜಿನ ಸಾಂದ್ರತೆಯೂ 2.5ರ ಆಸುಪಾಸು ಇರುವುದರಿಂದ ಗಾಜಿನ ನಕಲಿಯನ್ನು ಈ ಲೆಕ್ಕ ಹಿಡಿಯಲಾರದು.

ದುಬಾರಿ ಕಲ್ಲಾದರೆ ಮುಂಬಯಿಯ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದಂಥ ಪ್ರಯೋಗಾಲಯವನ್ನು ಶುಲ್ಕ ವಿಚಾರಿಸಿಕೊಂಡು ಸಂಪರ್ಕಿಸಿ. ಅಗ್ಗದ ಬ್ರೇಸ್‌ಲೆಟ್‌ಗೆ ಅಷ್ಟು ಖರ್ಚು ಬೇಡ. ಲ್ಯಾಬ್ ಸರ್ಟಿಫಿಕೇಟ್ ಕಲ್ಲಿನ ಜಾತಿ ಹೇಳುತ್ತದೆಯೇ ಹೊರತು ಅದರ ‘ಶಕ್ತಿ’ಗೆ ಮುದ್ರೆ ಒತ್ತುವುದಿಲ್ಲ.

ಹಂತ 5: ಗುಣಪಡಿಸುವ ಮಾತನ್ನು ತೂಗಿ ನೋಡಿ

ಆಬ್ಸಿಡಿಯನ್ ಯಾವುದೇ ರೋಗ ಗುಣಪಡಿಸುತ್ತದೆಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಃಶಾಸ್ತ್ರಜ್ಞ ಕ್ರಿಸ್ಟಫರ್ ಫ್ರೆಂಚ್ 2001ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ 80 ಮಂದಿಗೆ ಅಸಲಿ ಅಥವಾ ನಕಲಿ ಸ್ಫಟಿಕ ಕೊಟ್ಟು ಧ್ಯಾನಕ್ಕೆ ಕೂರಿಸಲಾಗಿತ್ತು. ಕೈ ಬೆಚ್ಚಗಾಯಿತು, ಜುಮ್ಮೆಂದಿತು ಎಂಬಂಥ ಅನುಭವಗಳನ್ನು ನಕಲಿ ಹಿಡಿದವರೂ ಅಸಲಿ ಹಿಡಿದವರಷ್ಟೇ ಹೇಳಿದರು. ಇದರರ್ಥ ಅವರ ಸಮಾಧಾನ ಸುಳ್ಳೆಂದಲ್ಲ. ಅದು ಬಂದದ್ದು ನಿರೀಕ್ಷೆಯಿಂದ, ಕಲ್ಲಿನಿಂದಲ್ಲ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ತಾಯಿತ, ಮಂತ್ರ, ಕವಚಗಳನ್ನು ಹೆಸರಿಸಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರಿನಂಥ ರೋಗಗಳು ಅವುಗಳಿಂದ ವಾಸಿಯಾಗುತ್ತವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ.

ಕಲ್ಲು ಧರಿಸಿದರೂ ವೈದ್ಯರು ಬರೆದ ಮಾತ್ರೆ ನಿಲ್ಲಿಸಬೇಡಿ. ಕಲ್ಲು ನೆನೆಸಿದ ನೀರು ಕುಡಿಯಬೇಡಿ. ಆಬ್ಸಿಡಿಯನ್ನಿನ ಸಿಬಿರು, ಮ್ಯಾಲಕೈಟಿನಂಥ ಕಲ್ಲುಗಳ ತಾಮ್ರ ಎರಡೂ ಹೊಟ್ಟೆಗೆ ಕೇಡು. ನಿದ್ದೆ ಬಾರದಿದ್ದರೆ, ಆತಂಕ ಕಾಡುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದ್ದು, ಕನ್ನಡದಲ್ಲೂ ಮಾತನಾಡಬಹುದು.

ಹಂತ 6: ಬಿಲ್ ಪಡೆಯಿರಿ, ಜೋಪಾನ ಮಾಡಿ

ಬಿಲ್ಲಿನಲ್ಲಿ ‘ನ್ಯಾಚುರಲ್ ಆಬ್ಸಿಡಿಯನ್’ ಎಂದು ಬರೆಸಿಕೊಳ್ಳಿ. ಬರೀ ‘ಸ್ಟೋನ್’ ಎಂದು ಬರೆದರೆ ಮುಂದೆ ಜಗಳಕ್ಕೆ ಆಧಾರ ಇರುವುದಿಲ್ಲ. ಆನ್‌ಲೈನ್ ಖರೀದಿಯಾದರೆ ವಾಪಸಾತಿಯ ನಿಯಮ ಓದಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕಲ್ಲನ್ನು ತೊಳೆಯಲು ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬಟ್ಟೆ ಸಾಕು. ಬಿಸಿ ಕಲ್ಲನ್ನು ತಣ್ಣೀರಿಗೆ ಹಾಕಿದರೆ ಸೀಳು ಬಿಟ್ಟೀತು. ಉಪ್ಪಿನಲ್ಲಿ ಹೂತಿಟ್ಟು ‘ಶುದ್ಧಿ’ ಮಾಡಿದರೆ ಲೋಹದ ಕೊಂಡಿಗೆ ತುಕ್ಕು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಎಲಾಸ್ಟಿಕ್ ದಾರ ಹರಿಯುವುದುಂಟು, ಆಗಾಗ ಬದಲಿಸಿ. ಮಣಿಗಳು ಚಿಕ್ಕಮಕ್ಕಳ ಕೈಗೆ ಸಿಗದಿರಲಿ. ಒಡೆದ ಚೂರನ್ನು ದಪ್ಪ ಕಾಗದದಲ್ಲಿ ಸುತ್ತಿ ‘ಗಾಜು’ ಎಂದು ಬರೆದು ಒಣಕಸಕ್ಕೆ ಹಾಕಿ, ಇಲ್ಲವಾದರೆ ಕಸ ಎತ್ತುವವರ ಕೈ ಕೊಯ್ದೀತು.

ಹಂತ 7: ಮೋಸವಾದರೆ

ಮೊದಲು ಅಂಗಡಿಗೆ ಲಿಖಿತ ದೂರು ಕೊಡಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಮಾರಾಟಗಾರ ಎಲ್ಲಿಯವನಾದರೂ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ದಾಖಲಾಗಬೇಕು.

ಆಬ್ಸಿಡಿಯನ್ ಚೆಂದದ ಕಲ್ಲು. ಚೆಂದಕ್ಕೆ, ಅದರ ಹಿಂದಿರುವ ಸಾವಿರಾರು ವರ್ಷಗಳ ಇತಿಹಾಸಕ್ಕೆ ನ್ಯಾಯವಾದ ಬೆಲೆ ಕೊಡಿ. ಔಷಧದ ಬೆಲೆ ಕೇಳಿದರೆ ಅಂಗಡಿಯಿಂದ ಹೊರಗೆ ಬನ್ನಿ.